ಪ್ರಾಣವಾಯುವಿನ ಪೂರೈಕೆ ಸರಪಳಿ: ಚಾಮರಾಜನಗರ ಕಲಿಸಿದ ಪಾಠ

ಜಗತ್ತಿಗೆಲ್ಲ ಒಂದೇ ಕಾಲಕ್ಕೆ ಎರಗುವ ಸಂಕಟವನ್ನು ಜನರೆಲ್ಲ ಒಂದಾಗಿ ಎದುರಿಸಬೇಕೆಂಬ ಮಾತನ್ನು ಒಪ್ಪದವರಿಲ್ಲ. ಆದರೆ ಒಂದಾಗುವುದೆಂದರೇನು, ಅದಕ್ಕೆ ಬೇಕಾದ ಸಾಮಗ್ರಿ ಯಾವುದು, ಅದನ್ನು ಹಂಚುವವರು ಯಾರು, ಲೆಕ್ಕವಿಡುವವರು ಯಾರು ಎಂಬ ಪ್ರಶ್ನೆ ಬಂದೊಡನೆ ಮಾತು ಮಸುಕಾಗುತ್ತದೆ. ಕೋವಿಡ್-19 ಮಹಾಮಾರಿಯ ವರ್ಷಗಳಲ್ಲಿ ಜಿನೀವಾ ಹಾಗೂ ದೆಹಲಿಯ ಸಭೆಗಳನ್ನು ಕಾಡಿದ ಈ ಪ್ರಶ್ನೆಗಳೇ ಚಾಮರಾಜನಗರದ ಆಸ್ಪತ್ರೆಯ ವಾರ್ಡುಗಳಲ್ಲಿಯೂ ಗುಂಡ್ಲುಪೇಟೆಯ ಗಡಿ ರಸ್ತೆಗಳಲ್ಲಿಯೂ ಎದುರಾದವು.

ರಾಜ್ಯದಲ್ಲಿ ಸೋಂಕು ಕಾಲಿಡದೆ ಉಳಿದ ಕೊನೆಯ ಜಿಲ್ಲೆ ಚಾಮರಾಜನಗರ. 2020ರ ಜೂನ್ ತಿಂಗಳಿನಲ್ಲಷ್ಟೇ ಅಲ್ಲಿ ಮೊದಲ ಪ್ರಕರಣ ವರದಿಯಾಯಿತು. ಅದಾಗಿ ವರ್ಷ ತುಂಬುವ ಮೊದಲೇ, 2021ರ ಮೇ 2 ಮತ್ತು 3ರ ನಡುವಣ 24 ಗಂಟೆಗಳಲ್ಲಿ ಅದೇ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯ ಹೆಸರಿನಲ್ಲಿ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಿತು.

ಈ ದುರಂತವನ್ನು ವೈದ್ಯಕೀಯ ಹಾಗೂ ಆಡಳಿತದ ದೃಷ್ಟಿಯಿಂದ ಅನೇಕರು ಪರಿಶೀಲಿಸಿದ್ದಾರೆ. ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇದು ಮುಖ್ಯವಾಗಿ ಪೂರೈಕೆ ಸರಪಳಿಯ ವಿಷಯ. ಸರಕು, ಪಾತ್ರೆ, ಸಾಗಣೆ, ದಾಸ್ತಾನು, ಹಂಚಿಕೆ ಎಂಬ ಐದೂ ವರ್ತಕರಿಗೆ ದಿನನಿತ್ಯದ ಸಂಗತಿಗಳು. ಆದುದರಿಂದ ಈ ಪಾಠವನ್ನು ಅರಿಯುವುದಕ್ಕೂ ಅದರಂತೆ ನಡೆಯುವುದಕ್ಕೂ ವರ್ತಕ ಸಮುದಾಯ ವಿಶೇಷವಾಗಿ ಸಮರ್ಥವಾಗಿದೆ.

ಹಸಿರು ವಲಯದ ದಿನಗಳು

ವಿಶ್ವ ಆರೋಗ್ಯ ಸಂಸ್ಥೆಯು 2020ರ ಜನವರಿ 30ರಂದು ಜಾಗತಿಕ ಆರೋಗ್ಯ ತುರ್ತುಸ್ಥಿತಿಯನ್ನು ಸಾರಿತು. ಮಾರ್ಚ್ 25ರಿಂದ ಭಾರತದಲ್ಲಿ ಲಾಕ್‌ಡೌನ್ ಜಾರಿಗೆ ಬಂದಿತು. ಚಾಮರಾಜನಗರವು ಮೂರು ರಾಜ್ಯಗಳು ಕೂಡುವ ಜಿಲ್ಲೆ. ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ ಮತ್ತು ಈರೋಡ್ ಜಿಲ್ಲೆಗಳು ಅದರ ಎಲ್ಲೆಗೆ ಹೊಂದಿಕೊಂಡಿವೆ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಬಂಡೀಪುರದ ಕಾಡನ್ನು ದಾಟಿ ಊಟಿಯತ್ತ ಸಾಗಿದರೆ ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಯಿಕ್ಕೋಡ್ ಕಡೆಗೆ ಹೋಗುತ್ತದೆ. ತೆರಕಣಾಂಬಿ ಮತ್ತು ಗುಂಡ್ಲುಪೇಟೆಯ ಮಾರುಕಟ್ಟೆಗಳಿಂದ ತರಕಾರಿಯ ಲಾರಿಗಳು ಈ ದಾರಿಗಳಲ್ಲಿಯೇ ನೆರೆರಾಜ್ಯಗಳಿಗೆ ಹೋಗುತ್ತವೆ. ಗಡಿ ಮುಚ್ಚಿದರೆ ಈಚೆಗೆ ಬೆಳೆಗಾರನ ಟೊಮೆಟೊ ಕೊಳೆಯುತ್ತದೆ, ಆಚೆಗೆ ಅಡುಗೆಮನೆ ಬರಿದಾಗುತ್ತದೆ.

ಆ ದಿನಗಳಲ್ಲಿ ಕರ್ನಾಟಕ ಮತ್ತು ಕೇರಳಗಳ ನಡುವೆ ಗಡಿ ರಸ್ತೆಗಳ ವಿಷಯದಲ್ಲಿ ತೀವ್ರ ವಿವಾದ ತಲೆದೋರಿತು. ಸೋಂಕು ಹೆಚ್ಚಿದ್ದ ಕಾಸರಗೋಡಿನಿಂದ ಬರುವ ದಾರಿಗಳನ್ನು ಕರ್ನಾಟಕ ಮುಚ್ಚಿತು. ಚಿಕಿತ್ಸೆಗಾಗಿ ಬಹುಕಾಲದಿಂದ ಮಂಗಳೂರನ್ನೇ ನೆಚ್ಚಿದ್ದ ಗಡಿನಾಡಿನ ಜನ, ಕನ್ನಡಿಗರೂ ಮಲಯಾಳಿಗಳೂ ಸೇರಿದಂತೆ, ತೊಂದರೆಗೆ ಸಿಲುಕಿದರು. ವಿಷಯವು ಕೇರಳ ಹೈಕೋರ್ಟನ್ನೂ ಬಳಿಕ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ವಯನಾಡಿನ ಕಡೆಯಲ್ಲಿ ಸುಲ್ತಾನ್ ಬತ್ತೇರಿ–ಗುಂಡ್ಲುಪೇಟೆ–ಮೈಸೂರು ಹಾಗೂ ಮಾನಂದವಾಡಿ–ಸರಗೂರು–ಮೈಸೂರು ಮಾರ್ಗಗಳನ್ನು ತೆರೆಯಲು ಕರ್ನಾಟಕ ಸಮ್ಮತಿಸಿತು. ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾದುದನ್ನು 2020ರ ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು.

ಎರಡೂ ರಾಜ್ಯಗಳ ಭಯ ಸುಳ್ಳಲ್ಲ. ಸೋಂಕನ್ನು ತಡೆಯುವುದು ಒಂದು ಕಡೆಯ ಕರ್ತವ್ಯವಾಗಿದ್ದರೆ ರೋಗಿಯನ್ನು ಉಳಿಸುವುದು ಇನ್ನೊಂದು ಕಡೆಯ ಅಗತ್ಯವಾಗಿತ್ತು. ಕೊರತೆಯಿದ್ದುದು ಸದ್ಭಾವನೆಗಲ್ಲ, ಯಾವ ವಾಹನ, ಯಾವ ಪ್ರಮಾಣಪತ್ರದೊಡನೆ, ಯಾವ ಹೊತ್ತಿಗೆ ಗಡಿ ದಾಟಬಹುದೆಂಬ ಸಿದ್ಧ ನಿಯಮಕ್ಕೆ. ಆ ನಿಯಮವನ್ನು ಸಂಕಟದ ನಡುವೆ, ನ್ಯಾಯಾಲಯದ ಕಟಕಟೆಯಲ್ಲಿ ರೂಪಿಸಬೇಕಾಯಿತು.

ತಪಾಸಣಾ ಠಾಣೆಗಳ ಬಿಗಿಯಿಂದ ಚಾಮರಾಜನಗರ ಕೆಲವು ತಿಂಗಳು ಸುರಕ್ಷಿತವಾಗಿ ಉಳಿಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಬಾಗಿಲು ಹಾಕಿಕೊಳ್ಳುವುದರಿಂದ ದೊರೆಯುವುದು ಕಾಲಾವಕಾಶ ಮಾತ್ರ. ಆ ಅವಕಾಶದಲ್ಲಿ ಎಷ್ಟು ಸಿದ್ಧತೆ ನಡೆಯಿತು ಎಂಬುದು 2021ರ ಬೇಸಿಗೆಯಲ್ಲಿ ಪರೀಕ್ಷೆಗೆ ಒಳಗಾಯಿತು.

ಆಮ್ಲಜನಕ ಎಂಬ ಸರಕು

ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಸರಕು ಎಲ್ಲೆಡೆ ಉಚಿತವಾಗಿ ತುಂಬಿದ್ದರೂ ಅದನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ರೋಗಿಯ ಹಾಸಿಗೆಗೆ ಮುಟ್ಟಿಸುವ ಕಾರ್ಯವೇ ವೆಚ್ಚದಾಯಕ. ಇದಕ್ಕೆ ಮೂರು ಮಾರ್ಗಗಳಿವೆ.

ಮೊದಲನೆಯದು ದ್ರವ ಆಮ್ಲಜನಕ. ಗಾಳಿಯನ್ನು ಅತಿಯಾಗಿ ತಂಪುಗೊಳಿಸಿ ದ್ರವವಾಗಿಸಿ, ಅದರಿಂದ ಸಾರಜನಕವನ್ನೂ ಆಮ್ಲಜನಕವನ್ನೂ ಬೇರ್ಪಡಿಸುತ್ತಾರೆ. ಆಮ್ಲಜನಕವು ದ್ರವವಾಗಿ ಉಳಿಯಲು ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತ ಬೇಕು. ಒಂದು ಲೀಟರ್ ದ್ರವವು ಅನಿಲವಾದಾಗ ಸುಮಾರು 860 ಲೀಟರ್ ಆಗುತ್ತದೆ. ಆದುದರಿಂದ ದೂರದ ಸಾಗಣೆಗೆ ಇದೇ ಮಿತವ್ಯಯದ ರೂಪ. ಆದರೆ ಇದಕ್ಕೆ ಎರಡು ಗೋಡೆಗಳ ನಡುವೆ ನಿರ್ವಾತವಿರುವ ವಿಶೇಷ ಟ್ಯಾಂಕರುಗಳೇ ಆಗಬೇಕು; ಹಾಲಿನ ಅಥವಾ ಡೀಸೆಲ್ಲಿನ ಟ್ಯಾಂಕರಿನಲ್ಲಿ ಇದನ್ನು ತರಲಾಗದು. ಉಕ್ಕು ತಯಾರಿಕೆಗೆ ಅಪಾರ ಆಮ್ಲಜನಕ ಬೇಕಾಗುವುದರಿಂದ ದೊಡ್ಡ ಘಟಕಗಳು ಉಕ್ಕಿನ ಕಾರ್ಖಾನೆಗಳ ಬಳಿಯಲ್ಲಿಯೇ ಇರುತ್ತವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಅಂತಹ ಮುಖ್ಯ ನೆಲೆ.

ಎರಡನೆಯದು ಸಿಲಿಂಡರ್. ಆಸ್ಪತ್ರೆಗಳಲ್ಲಿ ಬಳಸುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲ ಹಿಡಿಯುತ್ತದೆ. ಅನಿಲದ ತೂಕ 9 ಕಿಲೋಗ್ರಾಂ ಆಸುಪಾಸು. ಅದನ್ನು ಹೊರುವ ಉಕ್ಕಿನ ಪಾತ್ರೆಯ ತೂಕ ಅದಕ್ಕಿಂತ ಹಲವು ಪಟ್ಟು. ಹೀಗಾಗಿ ಸಿಲಿಂಡರಿನ ಸಾಗಣೆಯೆಂದರೆ ಬಹುಪಾಲು ಕಬ್ಬಿಣದ ಸಾಗಣೆಯೇ.

ಮೂರನೆಯದು ಆಸ್ಪತ್ರೆಯ ಆವರಣದಲ್ಲಿಯೇ ಗಾಳಿಯಿಂದ ಆಮ್ಲಜನಕ ತೆಗೆಯುವ ಪಿ.ಎಸ್.ಎ. ಘಟಕ. ಇದರಲ್ಲಿ ಗಾಳಿಯನ್ನು ಒತ್ತಡದಿಂದ ಜಿಯೋಲೈಟ್ ಎಂಬ ಹರಳುಗಳ ಮೂಲಕ ಹಾಯಿಸುತ್ತಾರೆ. ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಸುಮಾರು ಶೇ. 93ರಷ್ಟು ಶುದ್ಧತೆಯ ಆಮ್ಲಜನಕ ಹೊರಬರುತ್ತದೆ. ಟ್ಯಾಂಕರಿಗಾಗಿ ಕಾಯುವ ಅಗತ್ಯವಿಲ್ಲ. ಆದರೆ ನಿರಂತರ ವಿದ್ಯುತ್ತು ಮತ್ತು ಕ್ರಮಬದ್ಧ ನಿರ್ವಹಣೆ ಬೇಕು.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಆಸ್ಪತ್ರೆಯೊಂದರಲ್ಲಿ 100 ರೋಗಿಗಳಿಗೆ ತಲಾ ನಿಮಿಷಕ್ಕೆ 10 ಲೀಟರಿನಂತೆ ಆಮ್ಲಜನಕ ಕೊಡಬೇಕಾಗಿದೆ ಎಂದಿಟ್ಟುಕೊಂಡರೆ:

ಒಂದು ದಿನದ ಅಗತ್ಯ: 1,440 ಘನ ಮೀಟರ್
ದೊಡ್ಡ ಸಿಲಿಂಡರುಗಳ ಲೆಕ್ಕದಲ್ಲಿ: ಸುಮಾರು 206
ದ್ರವರೂಪದಲ್ಲಿ: ಹತ್ತಿರ ಹತ್ತಿರ 2 ಟನ್
ಒಬ್ಬ ರೋಗಿಗೆ ಒಂದು ಸಿಲಿಂಡರ್ ಬಾಳುವ ಅವಧಿ: 11 ಗಂಟೆ 40 ನಿಮಿಷ

ರೋಗ ಉಲ್ಬಣಿಸಿ ನಿಮಿಷಕ್ಕೆ 60 ಲೀಟರ್ ಬೇಕಾದಲ್ಲಿ ಅದೇ ಸಿಲಿಂಡರ್ ಎರಡು ಗಂಟೆಯೊಳಗೆ ಬರಿದಾಗುತ್ತದೆ. ಹಾಸಿಗೆಗಳ ಸಂಖ್ಯೆ ಹೆಚ್ಚದಿದ್ದರೂ ಬೇಡಿಕೆ ಆರು ಪಟ್ಟು ಏರಬಹುದೆಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಅಂಶವನ್ನು ತೆರಕಣಾಂಬಿಯ ತರಕಾರಿ ವ್ಯಾಪಾರಿಗಳು ಬಹುಬೇಗ ಗ್ರಹಿಸಬಲ್ಲರು. ಸಿಲಿಂಡರ್ ಸರಕಲ್ಲ, ಪಾತ್ರೆ. ಟೊಮೆಟೊ ಕ್ರೇಟುಗಳು ಹೊರ ಊರಿನಿಂದ ಹಿಂದಿರುಗದಿದ್ದರೆ ಮರುದಿನದ ಲೋಡು ಹೊರಡುವುದಿಲ್ಲ. ಹಾಗೆಯೇ ಖಾಲಿ ಸಿಲಿಂಡರ್ ಮರುಭರ್ತಿ ಕೇಂದ್ರಕ್ಕೆ ಹೋಗಿ, ಸರದಿಯಲ್ಲಿ ನಿಂತು, ತುಂಬಿ ಮರಳುವವರೆಗೆ ಅದು ಲೆಕ್ಕಕ್ಕುಂಟು, ಉಪಯೋಗಕ್ಕಿಲ್ಲ. ಒಂದು ಸುತ್ತಿಗೆ ಒಂದು ದಿನ ಹಿಡಿದರೆ 206 ಸಿಲಿಂಡರುಗಳ ಬಳಕೆಗೆ ಕನಿಷ್ಠ 412 ಬೇಕು. ಸರದಿ ಉದ್ದವಾಗಿ ಎರಡು ದಿನ ಹಿಡಿದರೆ 600ಕ್ಕೂ ಮೇಲೆ. ಚಾಮರಾಜನಗರದ ಆಸ್ಪತ್ರೆಯು ಸಿಲಿಂಡರುಗಳಿಗಾಗಿ ಸುಮಾರು 60 ಕಿಲೋಮೀಟರ್ ದೂರದ ಮೈಸೂರನ್ನು ನೆಚ್ಚಿತ್ತು. 60 ಕಿಲೋಮೀಟರ್ ಲಾರಿಗೆ ದೂರವೇನಲ್ಲ. ಆದರೆ ಎಲ್ಲರೂ ಒಂದೇ ಬಾಗಿಲಿನಲ್ಲಿ ನಿಂತಾಗ ಅದು ಬಹುದೂರ.

2021ರ ಏಪ್ರಿಲ್ ಮತ್ತು ಮೇ

2020ರ ಮೊದಲ ಅಲೆಯ ಉತ್ತುಂಗದಲ್ಲಿ ದೇಶದ ವೈದ್ಯಕೀಯ ಆಮ್ಲಜನಕದ ದಿನದ ಬೇಡಿಕೆ 3,000 ಟನ್ನನ್ನು ತುಸು ಮೀರಿತ್ತು. ಎರಡನೆಯ ಅಲೆಯಲ್ಲಿ ಅದು 9,000 ಟನ್ನಿನ ಹತ್ತಿರಕ್ಕೆ ಏರಿತು. ಕೇಂದ್ರ ಗೃಹ ಸಚಿವಾಲಯವು ಏಪ್ರಿಲ್ 22ರಿಂದ ಕೈಗಾರಿಕೆಗಳಿಗೆ ಆಮ್ಲಜನಕದ ಪೂರೈಕೆಯನ್ನು ನಿಷೇಧಿಸಿತು. ಔಷಧ, ಉಕ್ಕು, ತೈಲ ಸಂಸ್ಕರಣೆ ಮುಂತಾದ ಒಂಬತ್ತು ವಲಯಗಳಿಗೆ ಮೊದಲು ವಿನಾಯಿತಿಯಿತ್ತು. ಕೆಲವೇ ದಿನಗಳಲ್ಲಿ ದ್ರವ ಆಮ್ಲಜನಕವನ್ನು ವೈದ್ಯಕೀಯೇತರ ಕಾರ್ಯಕ್ಕೆ ಬಳಸುವುದನ್ನೇ ತಡೆಯಲಾಯಿತು. ಗ್ಯಾಸ್ ಕಟಿಂಗ್ ಮತ್ತು ವೆಲ್ಡಿಂಗನ್ನು ನೆಚ್ಚಿದ ಫ್ಯಾಬ್ರಿಕೇಶನ್ ಘಟಕಗಳು, ಲಾರಿ ಬಾಡಿ ಕಟ್ಟುವವರು, ಗಿರಣಿ ಯಂತ್ರಗಳ ದುರಸ್ತಿ ಮಾಡುವವರು ಕೆಲಸ ನಿಲ್ಲಿಸಬೇಕಾಯಿತು.

ಕೇಂದ್ರವು ರಾಜ್ಯವಾರು ಹಂಚಿಕೆಯನ್ನು ನಿಗದಿಪಡಿಸಿತು. ರಾಜ್ಯದಲ್ಲಿ ತಯಾರಾದುದೆಲ್ಲ ರಾಜ್ಯಕ್ಕೇ ಸಲ್ಲುವಂತಿರಲಿಲ್ಲ. ರಾಜ್ಯದೊಳಗೆ ಜಿಲ್ಲೆಗಳೂ ಜಿಲ್ಲೆಯೊಳಗೆ ಆಸ್ಪತ್ರೆಗಳೂ ಇದೇ ಸರಕಿಗಾಗಿ ಕಾದಿದ್ದವು. ಸರಪಳಿಯ ತುದಿಯಲ್ಲಿದ್ದುದು ಸ್ವಂತ ಉತ್ಪಾದನೆಯ ಬಲವಿಲ್ಲದ, ಇನ್ನೊಂದು ಜಿಲ್ಲೆಯ ಭರ್ತಿ ಕೇಂದ್ರಗಳನ್ನು ಅವಲಂಬಿಸಿದ ಚಾಮರಾಜನಗರ.

ಮೇ 2ರ ರಾತ್ರಿ ಅಲ್ಲಿ ದಾಸ್ತಾನು ಮುಗಿಯಿತು. ಘಟನೆಯ ಬಳಿಕ ಮೈಸೂರಿನಿಂದ ಪೂರೈಕೆಗೆ ತಡೆಯುಂಟಾಯಿತೆಂಬ ಆರೋಪವೂ ಅದರ ನಿರಾಕರಣೆಯೂ ಕೇಳಿಬಂದವು. ರಾಜ್ಯ ಹೈಕೋರ್ಟಿನ ಆದೇಶದಂತೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ಅಧ್ಯಕ್ಷತೆಯ ಸಮಿತಿಯು ತನಿಖೆ ನಡೆಸಿತು. ಮೈಸೂರು ಜಿಲ್ಲಾಡಳಿತ ಪೂರೈಕೆಯನ್ನು ತಡೆಯಿತೆಂಬ ಆರೋಪಕ್ಕೆ ಸಮಿತಿಗೆ ಆಧಾರ ಕಾಣಲಿಲ್ಲ. ಆದರೆ ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಮೃತಪಟ್ಟುದನ್ನು ಅದು ದೃಢಪಡಿಸಿತು.

ಯಾರೊಬ್ಬರೂ ಸರಕನ್ನು ಕಸಿದುಕೊಳ್ಳದಿದ್ದರೂ ಸರಕು ಸಕಾಲಕ್ಕೆ ತಲುಪದಿರಬಹುದು ಎಂಬುದೇ ಇದರ ಗಂಭೀರ ಅರ್ಥ. ಎಷ್ಟು ಗಂಟೆಯ ದಾಸ್ತಾನು ಉಳಿದಿದೆ, ಮುಂದಿನ ಲೋಡು ಎಲ್ಲಿದೆ, ಅದು ತಪ್ಪಿದರೆ ಪರ್ಯಾಯ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿಲ್ಲದ ಕಡೆ ದುರುದ್ದೇಶದ ಅಗತ್ಯವಿಲ್ಲ, ವಿಳಂಬವೊಂದೇ ಸಾಕು.

ಮೂರು ಹಂತ, ಒಂದೇ ಸ್ವಭಾವ

ಇದೇ ಸ್ವಭಾವವು ರಾಜ್ಯ ಹಾಗೂ ರಾಷ್ಟ್ರಗಳ ಹಂತದಲ್ಲಿಯೂ ಕಂಡುಬಂದಿತು. ಕರ್ನಾಟಕಕ್ಕೆ ದಿನಕ್ಕೆ 965 ಟನ್ ಹಂಚಿಕೆಯಾಗಿದ್ದಾಗ ಅದನ್ನು 1,200 ಟನ್ನಿಗೆ ಏರಿಸುವಂತೆ ರಾಜ್ಯ ಹೈಕೋರ್ಟು 2021ರ ಮೇ 5ರಂದು ಆದೇಶಿಸಿತು. ಕೇಂದ್ರವು ಇದನ್ನು ಪ್ರಶ್ನಿಸಿತಾದರೂ ಮೇ 7ರಂದು ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲು ನಿರಾಕರಿಸಿತು. ಕೇಂದ್ರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ: ಒಟ್ಟು ಸರಕು ಸೀಮಿತ, ಒಂದು ರಾಜ್ಯಕ್ಕೆ ಹೆಚ್ಚಿದುದು ಇನ್ನೊಂದಕ್ಕೆ ಕಡಿಮೆ. ರಾಜ್ಯದ ಅಳಲಿನಲ್ಲಿಯೂ ಸುಳ್ಳಿರಲಿಲ್ಲ: ಜನ ಸಾಯುತ್ತಿದ್ದರು.

ಲಸಿಕೆಯ ವಿಷಯದಲ್ಲಿ ಜಗತ್ತು ಇದನ್ನೇ ದೊಡ್ಡ ಪ್ರಮಾಣದಲ್ಲಿ ಅನುಭವಿಸಿತು. ಭಾರತವು 2021ರ ಜನವರಿ 20ರಿಂದ ಭೂತಾನ್ ಮತ್ತು ಮಾಲ್ಡೀವ್ಸ್ ಮೊದಲುಗೊಂಡು ಅನೇಕ ದೇಶಗಳಿಗೆ ಲಸಿಕೆ ಕಳುಹಿಸಿತು. ಅಮೆರಿಕವು ತನ್ನ ಉತ್ಪಾದನೆಗೆ ಆದ್ಯತೆ ನೀಡುವ ಕಾನೂನನ್ನು ಬಳಸಿದುದರಿಂದ ಲಸಿಕೆ ತಯಾರಿಕೆಯ ಕಚ್ಚಾವಸ್ತುಗಳು ಭಾರತದ ಕಾರ್ಖಾನೆಗಳಿಗೆ ಸಿಗುವುದು ಕಷ್ಟವಾಯಿತು. ಏಪ್ರಿಲ್ ಕೊನೆಯಲ್ಲಿ ಅದು ತನ್ನ ನಿಲುವನ್ನು ಸಡಿಲಿಸಿತು. ಇತ್ತ ಎರಡನೆಯ ಅಲೆ ಏರತೊಡಗಿದಾಗ ಭಾರತವೂ ಲಸಿಕೆಯ ರಫ್ತನ್ನು ತಡೆಹಿಡಿಯಿತು. ಭಾರತದ ಲಸಿಕೆಯನ್ನು ನೆಚ್ಚಿದ್ದ ಆಫ್ರಿಕಾದ ಬಡದೇಶಗಳು ತಿಂಗಳುಗಟ್ಟಲೆ ಕಾಯಬೇಕಾಯಿತು. ಸರಪಳಿಯ ತುದಿಯಲ್ಲಿ ನಿಂತವರ ಪಾಡು ಚಾಮರಾಜನಗರದಲ್ಲಿಯೂ ಆಫ್ರಿಕಾದಲ್ಲಿಯೂ ಬೇರೆಯಾಗಿರಲಿಲ್ಲ.

ತನ್ನವರನ್ನು ಮೊದಲು ಉಳಿಸಿಕೊಳ್ಳಬೇಕೆಂಬ ಬುದ್ಧಿ ಸಹಜ. ಅದನ್ನು ಬರಿಯ ಉಪದೇಶದಿಂದ ತಿದ್ದಲಾಗದು. ಅದರೊಡನೆ ಬಾಳಬಲ್ಲ ಹಂಚಿಕೆಯ ನಿಯಮವನ್ನು ಸಂಕಟ ಬರುವ ಮೊದಲೇ ಮಾಡಿಕೊಳ್ಳುವುದೊಂದೇ ದಾರಿ.

ಸರಪಳಿ ಕೂಡಿಕೊಂಡ ಬಗೆ

ಭೇದಗಳನ್ನು ಬದಿಗಿಟ್ಟು ಜನರು ಕೈಜೋಡಿಸಿದ ನಿದರ್ಶನಗಳೂ ಅದೇ ವಾರಗಳಲ್ಲಿ ದೊರೆಯುತ್ತವೆ. ಬಹರೇನ್‌ನಲ್ಲಿ ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೇರಿಕೊಂಡ ನೌಕಾಪಡೆಯ ಐ.ಎನ್.ಎಸ್. ತಲ್ವಾರ್ ಮೇ 5ರಂದು ನವಮಂಗಳೂರು ಬಂದರನ್ನು ತಲುಪಿತು. ಕುವೈತ್‌ನಿಂದಲೂ ನೆರವು ಇದೇ ಬಂದರಿಗೆ ಬಂದಿತು. ವಾಯುಪಡೆಯ ವಿಮಾನಗಳು ಸಿಂಗಪುರದಿಂದ ಖಾಲಿ ಟ್ಯಾಂಕುಗಳನ್ನು ಹೊತ್ತು ತಂದವು. ಕೊರತೆಯಿದ್ದುದು ಅನಿಲಕ್ಕಿಂತ ಹೆಚ್ಚಾಗಿ ಅದನ್ನು ಸಾಗಿಸುವ ಪಾತ್ರೆಗೆ. ಸಾರಜನಕ ಮತ್ತು ಆರ್ಗಾನ್ ಸಾಗಿಸುತ್ತಿದ್ದ ಟ್ಯಾಂಕರುಗಳನ್ನು ಆಮ್ಲಜನಕಕ್ಕೆ ಪರಿವರ್ತಿಸಲಾಯಿತು. ಮೇ 11ರಂದು ಜಾರ್ಖಂಡಿನ ಟಾಟಾನಗರದಿಂದ 120 ಟನ್ ಹೊತ್ತ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು ಬೆಂಗಳೂರಿಗೆ ಬಂದಿತು.

ಪಿ.ಎಸ್.ಎ. ಘಟಕಗಳ ಕಥೆ ಇನ್ನಷ್ಟು ಬೋಧಪ್ರದ. ತೇಜಸ್ ಯುದ್ಧವಿಮಾನದ ಚಾಲಕನಿಗೆ ಹಾರಾಟದಲ್ಲಿಯೇ ಆಮ್ಲಜನಕ ಒದಗಿಸಲೆಂದು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೊಂದು ರೂಪಿಸಿದ್ದ ತಂತ್ರವನ್ನು ಆಸ್ಪತ್ರೆಗಳಿಗೆ ಹೊಂದಿಸಲಾಯಿತು. ಅದರ ತಂತ್ರಜ್ಞಾನವನ್ನು ಬೆಂಗಳೂರು ಹಾಗೂ ಕೊಯಮತ್ತೂರಿನ ಉದ್ಯಮಗಳಿಗೆ ವರ್ಗಾಯಿಸಲಾಯಿತು. ಬೇಕಾದ ಜಿಯೋಲೈಟ್ ಅನ್ನು ಏರ್ ಇಂಡಿಯಾ ವಿಮಾನಗಳು ರೋಮ್‌ನಿಂದ ಬೆಂಗಳೂರಿಗೆ ತಂದವು. ಪಿಎಂ ಕೇರ್ಸ್ ನಿಧಿಯಿಂದ ದೇಶದ ಎಲ್ಲೆಡೆ 1,200ಕ್ಕೂ ಹೆಚ್ಚು ಘಟಕಗಳಿಗೆ ಹಣ ಒದಗಿತು. ಇಟಲಿಯ ಹರಳು, ಕೊಯಮತ್ತೂರಿನ ಸಂಪೀಡಕ, ಬೆಂಗಳೂರಿನ ವಿಜ್ಞಾನ, ಊರಿನ ಎಲೆಕ್ಟ್ರೀಷಿಯನ್ನನ ಕೈಚಳಕ ಇವೆಲ್ಲ ಕೂಡಿದಾಗಲೇ ಹಾಸಿಗೆಯ ಮೇಲಿನ ರೋಗಿ ಉಸಿರಾಡಬಲ್ಲ.

ಆದರೆ ಈ ಒಗ್ಗೂಡಿಕೆಯ ಬಹುಭಾಗ ನಡೆದುದು ಜೀವಗಳು ಹೋದ ಬಳಿಕ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು.

ಜಗತ್ತು ಮಾಡಿಕೊಂಡ ಒಪ್ಪಂದ

ಮೊದಲೇ ನಿಯಮ ಮಾಡಿಕೊಂಡು ಗೆದ್ದ ಉದಾಹರಣೆ ಚರಿತ್ರೆಯಲ್ಲಿಲ್ಲದಿಲ್ಲ. ಶೀತಲಸಮರದ ಕಾಲದಲ್ಲಿ ಬದ್ಧವೈರಿಗಳಾಗಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಸಿಡುಬಿನ ನಿರ್ಮೂಲನದಲ್ಲಿ ಒಟ್ಟಿಗೆ ದುಡಿದವು. ಸೋವಿಯತ್ ಒಕ್ಕೂಟ ಲಸಿಕೆಯನ್ನು ಹೇರಳವಾಗಿ ಒದಗಿಸಿತು. ಅಮೆರಿಕದ ತಜ್ಞರೂ ಭಾರತದ ಸಾವಿರಾರು ಆರೋಗ್ಯ ಕಾರ್ಯಕರ್ತರೂ ಊರೂರು ತಿರುಗಿದರು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾದುದನ್ನು ವಿಶ್ವ ಆರೋಗ್ಯ ಸಭೆ ಸಾರಿತು. ಅಲ್ಲಿ ಸಿದ್ಧಾಂತಗಳು ಒಂದಾಗಲಿಲ್ಲ. ಕೆಲಸದ ಹಂಚಿಕೆ ಮಾತ್ರ ಸ್ಪಷ್ಟವಾಗಿತ್ತು.

ಕೋವಿಡ್ ತುರ್ತುಸ್ಥಿತಿಯು 2023ರ ಮೇ 5ರಂದು ಅಧಿಕೃತವಾಗಿ ಮುಗಿಯಿತು. ಅದೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ವೈದ್ಯಕೀಯ ಆಮ್ಲಜನಕವನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. 2025ರ ಮೇ 20ರಂದು ಮಹಾಮಾರಿ ಒಪ್ಪಂದಕ್ಕೆ ಸಮ್ಮತಿ ದೊರೆಯಿತು. ಸಮಿತಿಯ ಹಂತದಲ್ಲಿ 124 ದೇಶಗಳು ಅದರ ಪರವಾಗಿ ಮತ ನೀಡಿದವು, 11 ದೇಶಗಳು ತಟಸ್ಥವಾಗಿ ಉಳಿದವು, ವಿರೋಧಿಸಿದವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವುದಾಗಿ ಆ ವರ್ಷದ ಜನವರಿಯಲ್ಲಿಯೇ ಪ್ರಕಟಿಸಿದ್ದ ಅಮೆರಿಕ ಇದರಿಂದ ದೂರ ಉಳಿಯಿತು.

ಉದ್ಯಮಿಗಳು ಗಮನಿಸಬೇಕಾದ ಅಂಶವೊಂದು ಅದರಲ್ಲಿದೆ. ಮಹಾಮಾರಿಯ ಸಂದರ್ಭದಲ್ಲಿ, ಈ ವ್ಯವಸ್ಥೆಗೆ ಸೇರಿದ ತಯಾರಕರು ಲಸಿಕೆ, ಔಷಧ ಮತ್ತು ಪರೀಕ್ಷಾ ಸಾಮಗ್ರಿಗಳ ಉತ್ಪಾದನೆಯಲ್ಲಿ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಹಂಚಿಕೆಗೆ ಒದಗಿಸುವ ಗುರಿಯಿದೆ. ಅದರಲ್ಲಿ ಕನಿಷ್ಠ ಅರ್ಧವು ದಾನವಾಗಿ, ಉಳಿದುದು ಎಟುಕುವ ಬೆಲೆಗೆ. ಒಪ್ಪಂದ ಅಂಗೀಕಾರವಾದಾಗ ಈ ಭಾಗದ ವಿವರಗಳನ್ನು ಮುಂದಿನ ಮಾತುಕತೆಗೆ ಬಿಡಲಾಗಿತ್ತು. 60 ದೇಶಗಳು ಸ್ಥಿರೀಕರಿಸಿದ ಬಳಿಕವೇ ಒಪ್ಪಂದ ಜಾರಿಗೆ ಬರತಕ್ಕದ್ದು. ಅಪೂರ್ಣವಾದರೂ ಇದರ ಮೂಲತತ್ತ್ವ ಸರಿಯಾಗಿದೆ: ಹಂಚಿಕೆಯ ಪಾಲನ್ನು ಕೊರತೆ ಬರುವ ಮೊದಲೇ ಅಂಕಿಯಲ್ಲಿ ಬರೆದಿಡಬೇಕು.

ಜಿಲ್ಲೆಯ ವರ್ತಕರು ಮತ್ತು ಸಣ್ಣ ಕೈಗಾರಿಕೆಗಳು ಮಾಡಬಹುದಾದುದು

ಜಗತ್ತಿನ ಹಂತದಲ್ಲಿ ಆಗಬೇಕಾದುದು ಜಿಲ್ಲೆಯ ಹಂತದಲ್ಲಿಯೂ ಆಗಬೇಕು. ಈ ನಿಟ್ಟಿನಲ್ಲಿ ಕೆಳಕಂಡ ಕ್ರಮಗಳು ಪರಿಶೀಲನಾರ್ಹ.

1. ಸಿಲಿಂಡರುಗಳ ಪಟ್ಟಿ: ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳಲ್ಲಿ, ಗ್ರಾನೈಟ್ ಕಾರ್ಖಾನೆಗಳಲ್ಲಿ, ಗುಂಡ್ಲುಪೇಟೆ ಹಾಗೂ ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಗಳಲ್ಲಿ ಇರುವ ಆಮ್ಲಜನಕದ ಸಿಲಿಂಡರುಗಳ ಸಂಖ್ಯೆ ಮತ್ತು ಪರೀಕ್ಷೆಯ ದಿನಾಂಕವನ್ನು ದಾಖಲಿಸಬೇಕು. ಕೈಗಾರಿಕೆಯ ಸಿಲಿಂಡರನ್ನು ನೇರವಾಗಿ ಆಸ್ಪತ್ರೆಗೆ ಒಯ್ಯಲಾಗದು. ಶುದ್ಧೀಕರಣ ಹಾಗೂ ತಪಾಸಣೆ ಅಗತ್ಯ. ಕವಾಟಕ್ಕೆ ಎಣ್ಣೆ, ಗ್ರೀಸ್ ತಗುಲಿದ್ದರೆ ಬೆಂಕಿಯ ಅಪಾಯವೂ ಉಂಟು. ಈ ಕಾರ್ಯವನ್ನು ಯಾರು, ಎಲ್ಲಿ ಮಾಡುವರೆಂಬುದು ಮೊದಲೇ ನಿರ್ಧಾರವಾಗಬೇಕು.

2. ಯಂತ್ರಗಳ ನಿರ್ವಹಣೆ: ಸಾಂಕ್ರಾಮಿಕ ತಗ್ಗಿದ ಬಳಿಕ ದೇಶದ ಹಲವೆಡೆ ಪಿ.ಎಸ್.ಎ. ಘಟಕಗಳು ಬಳಕೆಯಿಲ್ಲದೆ ನಿಂತವು. ಜಿಯೋಲೈಟ್ ತೇವಾಂಶವನ್ನು ಹೀರಿದರೆ ಕೆಡುತ್ತದೆ. ನಿಲ್ಲಿಸಿದ ಯಂತ್ರ ಉಳಿತಾಯವಲ್ಲ, ನಷ್ಟ. ಸಂಪೀಡಕ ಮತ್ತು ಜನರೇಟರುಗಳ ದುರಸ್ತಿಯಲ್ಲಿ ಪರಿಣತರಾದ ಸ್ಥಳೀಯ ಕುಶಲಕರ್ಮಿಗಳಿಗೆ ಈ ಯಂತ್ರಗಳ ತರಬೇತಿ ಕೊಡಿಸಿದಲ್ಲಿ ಆಸ್ಪತ್ರೆಗೂ ಲಾಭ, ಅವರಿಗೂ ಉದ್ಯೋಗ.

3. ಸಾಗಣೆಯ ಒಡಂಬಡಿಕೆ: ಮೈಸೂರು, ನಂಜನಗೂಡು ಮತ್ತು ಚಾಮರಾಜನಗರದ ವಾಣಿಜ್ಯ ಸಂಸ್ಥೆಗಳು ಪರಸ್ಪರ ಮಾತನಾಡಿಕೊಂಡು ತುರ್ತು ಸಮಯದಲ್ಲಿ ಓಡಿಸಬಹುದಾದ ವಾಹನಗಳ ಪಟ್ಟಿಯನ್ನೂ ಭರ್ತಿ ಕೇಂದ್ರಗಳಲ್ಲಿ ಜಿಲ್ಲಾವಾರು ಸರದಿಯನ್ನೂ ಜಿಲ್ಲಾಡಳಿತಗಳ ಸಮ್ಮತಿಯೊಡನೆ ಬರಹದಲ್ಲಿ ಇರಿಸಬೇಕು.

4. ಗಡಿ ವ್ಯಾಪಾರದ ನಿಯಮ: ವಯನಾಡು, ನೀಲಗಿರಿ ಹಾಗೂ ಈರೋಡಿನ ವರ್ತಕ ಸಂಘಗಳೊಡನೆ ವರ್ಷಕ್ಕೊಮ್ಮೆಯಾದರೂ ಸಮಾಲೋಚನೆ ನಡೆಯುವುದು ಒಳಿತು. ತರಕಾರಿ, ಹಾಲು, ಔಷಧ ಹೊತ್ತ ವಾಹನಗಳಿಗೂ ರೋಗಿಗಳಿಗೂ ಯಾವ ದಾಖಲೆ ಸಾಕೆಂಬುದನ್ನು ಮೂರೂ ರಾಜ್ಯಗಳ ಅಧಿಕಾರಿಗಳ ಮುಂದೆ ಒಮ್ಮತದಿಂದ ಇಟ್ಟರೆ, ಭಾಷೆ ಬೇರೆಯಾದರೂ ಲೆಕ್ಕ ಒಂದೇ ಆಗಿರುತ್ತದೆ.

5. ತ್ಯಾಗದ ಲೆಕ್ಕ: 2021ರಲ್ಲಿ ಕೈಗಾರಿಕೆಗಳು ಆಮ್ಲಜನಕವನ್ನು ಬಿಟ್ಟುಕೊಟ್ಟುದು ನ್ಯಾಯವೇ ಆಗಿತ್ತು. ಆದರೆ ಕೆಲಸ ನಿಂತ ದಿನಗಳ ಕೂಲಿ, ಸಾಲದ ಬಡ್ಡಿ, ತಪ್ಪಿದ ಆರ್ಡರು ಇವುಗಳ ಹೊರೆ ಸಣ್ಣ ಘಟಕಗಳ ಮೇಲೆಯೇ ಬಿದ್ದಿತು. ಸರಕನ್ನು ಹಂಚಿಕೊಂಡಂತೆ ಹೊರೆಯನ್ನೂ ಹಂಚಿಕೊಳ್ಳಬೇಕು. ಅಂತಹ ನಿಷೇಧದ ಅವಧಿಗೆ ಬಡ್ಡಿಯ ರಿಯಾಯಿತಿ, ಕರ ಪಾವತಿಗೆ ಕಾಲಾವಕಾಶ ಮುಂತಾದ ಸೌಲಭ್ಯಗಳನ್ನು ಆದೇಶದಲ್ಲಿಯೇ ಸೇರಿಸುವಂತೆ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದೆ ಈಗಲೇ ಬೇಡಿಕೆ ಇಡುವುದು ಸೂಕ್ತ. ನಷ್ಟವೆಲ್ಲ ತನ್ನೊಬ್ಬನದೇ ಎಂದು ಬಲ್ಲವನು ಮುಂದಿನ ಸಲ ದಾಸ್ತಾನನ್ನು ಬಚ್ಚಿಡುವ ಯೋಚನೆಗೆ ಇಳಿಯಬಹುದು.

6. ಬಹಿರಂಗ ದಾಸ್ತಾನು: ಪಡಿತರ ಅಂಗಡಿಯಲ್ಲಿ ದಾಸ್ತಾನಿನ ಫಲಕ ತೂಗುಹಾಕುವ ಪದ್ಧತಿಯಂತೆ, ಆಸ್ಪತ್ರೆಯಲ್ಲಿ ಎಷ್ಟು ಗಂಟೆಗೆ ಸಾಲುವ ಆಮ್ಲಜನಕ ಉಳಿದಿದೆ ಎಂಬುದು ಜಿಲ್ಲಾಡಳಿತಕ್ಕೂ ಪೂರೈಕೆದಾರರಿಗೂ ಏಕಕಾಲಕ್ಕೆ ತಿಳಿಯಬೇಕು. ನಿಗದಿತ ಮಟ್ಟಕ್ಕಿಂತ ಇಳಿದೊಡನೆ, ಯಾರ ಕೋರಿಕೆಗೂ ಕಾಯದೆ, ಹತ್ತಿರದ ಜಿಲ್ಲೆಯಿಂದ ಲೋಡು ಹೊರಡುವ ನಿಯಮವಿರಬೇಕು.

ಇವುಗಳಲ್ಲಿ ಯಾವುದಕ್ಕೂ ಭಾರಿ ಬಂಡವಾಳ ಬೇಕಿಲ್ಲ. ಬೇಕಾದುದು ಒಂದು ದಾಖಲೆ ಪುಸ್ತಕ, ವರ್ಷಕ್ಕೆರಡು ಸಭೆ ಮತ್ತು ಬರೆದುದನ್ನು ಪಾಲಿಸುವ ಶಿಸ್ತು. ಇದು ವರ್ತಕ ಸಮುದಾಯಕ್ಕೆ ಹೊಸದಲ್ಲ. ಭಾಷೆ, ಮತ, ಪ್ರಾಂತಗಳ ಭೇದವಿದ್ದರೂ ತೂಕ, ಅಳತೆ ಮತ್ತು ವಾಯಿದೆಯ ನಂಬಿಕೆಯಿಂದ ದೂರದ ಊರುಗಳೊಡನೆ ತಲೆಮಾರುಗಳಿಂದ ವ್ಯವಹರಿಸಿದವರು ಅವರು. ಗುಂಡ್ಲುಪೇಟೆಯ ಬೆಳೆಗಾರ ಮತ್ತು ಕೋಯಿಕ್ಕೋಡಿನ ವ್ಯಾಪಾರಿ ಒಬ್ಬರನ್ನೊಬ್ಬರು ಅರಿತಿರುವುದು ಇಂತಹ ನಿಯಮದ ಮೂಲಕವೇ.

ಮುಂದಿನ ಸಂಕಟ ರೋಗದ ರೂಪದಲ್ಲಿಯೇ ಬರಬೇಕೆಂದಿಲ್ಲ. ಬರ, ಪ್ರವಾಹ, ಇಂಧನದ ಅಭಾವ, ಯಾವುದೇ ರೂಪದಲ್ಲಿ ಬಂದರೂ ಸರಪಳಿಯ ತುದಿಯಲ್ಲಿರುವ ಜಿಲ್ಲೆಗೆ ಮೊದಲ ಏಟು ಬೀಳುತ್ತದೆ. 2021ರ ಆ ರಾತ್ರಿ ಪ್ರಾಣ ಕಳೆದುಕೊಂಡವರ ಕುಟುಂಬಗಳಿಗೆ ಯಾವ ಪರಿಹಾರವೂ ಪೂರ್ಣವಲ್ಲ. ಆದರೆ ಅಂತಹ ಇನ್ನೊಂದು ರಾತ್ರಿ ಬರದಂತೆ ಹಂಚಿಕೆಯ ನಿಯಮವನ್ನು ಬರೆದಿಡುವ ಕಾರ್ಯವು ಜಿಲ್ಲೆಯ ವಾಣಿಜ್ಯ ಸಂಸ್ಥೆಗಳ ಕೈಯಲ್ಲಿಯೇ ಇದೆ. ಆ ಕಾರ್ಯವು ಮುಂದಿನ ವಾರ್ಷಿಕ ಸಭೆಗಳ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗುವುದು ಉಚಿತ.